ಅಳಿಸಿ ಹಾಕಿದ 1,362 ಸಾಲುಗಳು

ಕಂಪ್ಯೂಟರ್‌ನಲ್ಲಿ ಭೌತಶಾಸ್ತ್ರದ ಒಂದು ಲೆಕ್ಕವನ್ನು ಹತ್ತು ಸಾವಿರ ಸಲ ಓಡಿಸಿ, ಸಲಕ್ಕೊಂದು ಸಾಲಿನಂತೆ ಬರೆದಿಟ್ಟ ಒಂದು ಫೈಲ್ ಇತ್ತು. ಅದರಲ್ಲಿ 1,362 ಸಾಲುಗಳನ್ನು ನಾನು ಅಳಿಸಿ ಹಾಕಿದೆ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಅವು ತಪ್ಪು ಅಂತ ನನಗೇ ಅನ್ನಿಸಿತ್ತು. ಎರಡು ದಿನ ಬಿಟ್ಟು ಅಷ್ಟನ್ನೂ ವಾಪಸ್ ಹಾಕಿದೆ. ಆದರೆ ಆ ಎರಡು ದಿನಗಳಲ್ಲಿ ತಲೆಗೆ ಹೊಕ್ಕ ಪ್ರಶ್ನೆ ವರ್ಷಗಳಾದರೂ ಹೊರಗೆ ಹೋಗಿಲ್ಲ: ಒಂದೇ ಒಂದು ಕಣದ ಮೇಲೆ ಮಾಡಿದ ಕೆಲಸ ಅಂದರೆ ಏನು, ಅದು ಎಷ್ಟು ಅಂತ ತಿಳಿಯುವುದು ಹೇಗೆ? ಅದನ್ನೇ ಇಲ್ಲಿ ಬಿಡಿಸಿ ನೋಡೋಣ ಅಂತ ಕೂತಿದ್ದೇನೆ.

ಲೆಕ್ಕ ತುಂಬಾ ಸಣ್ಣದು. ಒಂದೇ ಒಂದು ಸ್ಪಿನ್, ಅಂದರೆ ಪುಟ್ಟ ಅಯಸ್ಕಾಂತದಂತೆ ವರ್ತಿಸುವ ಒಂದು ಕಣ. ಅದರ ಮೇಲೆ ನೆಟ್ಟಗೆ ನಿಂತ ಒಂದು ಕಾಂತಕ್ಷೇತ್ರ. ಸ್ಪಿನ್‌ಗೆ ಎರಡೇ ಶಕ್ತಿ ಮಟ್ಟಗಳು, ಕೆಳಗಿನದು ಮತ್ತು ಮೇಲಿನದು. ಕೆಳಗಿನದು −0.5, ಮೇಲಿನದು +0.5, ನಡುವಿನ ಅಂತರ 1 ಅಂತ ಇಟ್ಟುಕೊಳ್ಳಿ. ತಾಪಮಾನವನ್ನೂ ಅದಕ್ಕೆ ಸರಿಹೊಂದುವಂತೆ, ಅಂದರೆ ಉಷ್ಣದ ಕುಲುಕಾಟದ ಅಳತೆಯೂ 1 ಆಗುವಂತೆ ಇಟ್ಟಿದ್ದೆ. ಆಗ ನೂರು ಸಲ ನೋಡಿದರೆ ಸುಮಾರು 73 ಸಲ ಸ್ಪಿನ್ ಕೆಳಗಿರುತ್ತದೆ, 27 ಸಲ ಮೇಲಿರುತ್ತದೆ. ಒಮ್ಮೆ ನೋಡಿ ಬರೆದುಕೊಳ್ಳಬೇಕು. ಆಮೇಲೆ ಸುತ್ತಲಿನಿಂದ ಅದನ್ನು ಬೇರೆ ಮಾಡಿ, ಕ್ಷೇತ್ರವನ್ನು ಥಟ್ಟನೆ ಪಕ್ಕಕ್ಕೆ ತಿರುಗಿಸಬೇಕು. ಸ್ಪಿನ್ ಮಿಸುಕುವುದಕ್ಕೂ ಸಮಯ ಇರಬಾರದು. ಮತ್ತೆ ಶಕ್ತಿ ಅಳೆಯಬೇಕು. ಹೊಸ ದಿಕ್ಕಿಗೂ ಹಳೆಯ ದಿಕ್ಕಿಗೂ ಸಂಬಂಧವೇ ಇಲ್ಲದ್ದರಿಂದ ಎರಡನೇ ಸಲ ಮೇಲೆ ಅಥವಾ ಕೆಳಗೆ ಸಿಗುವುದು ಅರ್ಧಕ್ಕರ್ಧ. ನಡುವೆ ಉಷ್ಣ ಒಳಗೂ ಬಂದಿಲ್ಲ, ಹೊರಗೂ ಹೋಗಿಲ್ಲ. ಹಾಗಾಗಿ ಎರಡು ಅಳತೆಗಳ ವ್ಯತ್ಯಾಸವೇ ನಾವು ಮಾಡಿದ ಕೆಲಸ. ಅದು +1 ಆಗಬಹುದು, 0 ಆಗಬಹುದು, −1 ಆಗಬಹುದು. ಮೈನಸ್ ಅಂದರೆ ಸ್ಪಿನ್‌ನಿಂದ ನಮಗೇ ಕೆಲಸ ಸಿಕ್ಕಿತು ಅಂತ.

ನನ್ನ ಹತ್ತು ಸಾವಿರ ರನ್‌ಗಳಲ್ಲಿ 3,641 ಸಲ +1 ಬಂತು. 4,997 ಸಲ ಸೊನ್ನೆ. 1,362 ಸಲ −1. ಈ ಮೈನಸ್ ನೋಡಿ ನಾನು ನಿಂತುಬಿಟ್ಟೆ. ಕ್ಷೇತ್ರದ ದಿಕ್ಕು ಮಾತ್ರ ಬದಲಾಗಿದೆ, ಬಲ ಅಷ್ಟೇ ಇದೆ. ಮಟ್ಟಗಳ ಅಂತರವೂ ಅಷ್ಟೇ. ಅಂದರೆ ಫ್ರೀ ಎನರ್ಜಿ, ಅಂದರೆ ಕೆಲಸವಾಗಿ ಹೊರತೆಗೆಯಬಹುದಾದ ಶಕ್ತಿ, ಒಂದಿಷ್ಟೂ ಬದಲಾಗಿಲ್ಲ. ಒಂದೇ ತಾಪಮಾನದಿಂದ ಶುರು ಮಾಡಿ, ಫ್ರೀ ಎನರ್ಜಿ ಇಳಿಯದೆ, ಪುಕ್ಕಟೆಯಾಗಿ ಕೆಲಸ ಹೊರಗೆ ತೆಗೆಯಲು ಆಗದು ಅಂತ ತಾನೇ ಥರ್ಮೋಡೈನಾಮಿಕ್ಸ್‌ನ ಎರಡನೇ ನಿಯಮ ಹೇಳುವುದು? ಕೋಡ್‌ನಲ್ಲಿ ಎಲ್ಲೋ ಪ್ಲಸ್-ಮೈನಸ್ ಸೈನ್ ತಪ್ಪಿದೆ ಅಂದುಕೊಂಡೆ. ಒಂದು ಸಂಜೆಯೆಲ್ಲ ಹುಡುಕಿದೆ. ಸಿಗಲಿಲ್ಲ. ಕೊನೆಗೆ ಕೆಲಸ ಸೊನ್ನೆಗಿಂತ ಕಡಿಮೆ ಇದ್ದರೆ ಆ ಸಾಲು ಬಿಟ್ಟುಬಿಡು ಅಂತ ಒಂದು ಷರತ್ತು ಸೇರಿಸಿ ಮಲಗಲು ಹೋದೆ.

ಮಾರನೇ ದಿನವಲ್ಲ, ಅದರ ಮಾರನೇ ದಿನ ಫೈಲ್‌ನಿಂದ ನಾನು ಮಾಡಿದ್ದ ಕಂಬಗಳ ಚಿತ್ರವನ್ನು ನನ್ನ ಗೈಡ್ ನೋಡಿದರು. ಎರಡೇ ಕಂಬಗಳಿದ್ದವು.

"ಮೂರನೆಯದು ಎಲ್ಲಿ?"

"ತೆಗೆದೆ ಮೇಡಂ. ಸೈನ್ ತಪ್ಪಿರಬೇಕು ಅನ್ನಿಸ್ತು."

ಅವರು ಬೈಯಲಿಲ್ಲ. ಸುಮ್ನೆ ಒಂದು ಹಾಳೆ ಎಳೆದುಕೊಂಡರು. "ಪ್ರತಿ ರನ್‌ಗೂ ಮೈನಸ್ ಕೆಲಸದ ಎಕ್ಸ್‌ಪೊನೆನ್ಶಿಯಲ್ ತಗೋ. ಎಲ್ಲದರ ಸರಾಸರಿ ಮಾಡು. ಮೊದಲು ಅವನ್ನು ಬಿಟ್ಟು. ಆಮೇಲೆ ಅವನ್ನು ಸೇರಿಸಿ." ಅಲ್ಲೇ ಕೂತು ಫೋನಿನ ಕ್ಯಾಲ್ಕ್ಯುಲೇಟರ್‌ನಲ್ಲಿ ಮಾಡಿದೆ. ಅಂದರೆ 2.718 ಅನ್ನುವ ಸಂಖ್ಯೆಗೆ ಮೈನಸ್ ಕೆಲಸವನ್ನು ಘಾತವಾಗಿ ಹಾಕುವುದು. +1 ಇರುವ ಪ್ರತಿ ರನ್‌ಗೆ 0.368. ಸೊನ್ನೆಗೆ 1. ಅಳಿಸಿದ್ದನ್ನು ಬಿಟ್ಟು ಮಾಡಿದಾಗ ಸರಾಸರಿ 0.73 ಬಂತು. ಆಮೇಲೆ ಅಳಿಸಿದ್ದ 1,362ನ್ನು ಸೇರಿಸಿದೆ. ಅವುಗಳಲ್ಲಿ ಒಂದೊಂದಕ್ಕೂ 2.718ರ ತೂಕ. ಸರಾಸರಿ 1.004 ಆಯಿತು. "ಒಂದು ಬರಬೇಕು. ಬಂತಲ್ಲ," ಅಂದರು. ಆಮೇಲೆ ಬೇರೆ ಕೆಲಸಕ್ಕೆ ಎದ್ದು ಹೋದರು. ನಾನು ಆ ಹಾಳೆಯ ಮುಂದೆ ತುಂಬಾ ಹೊತ್ತು ಕೂತಿದ್ದೆ.

ಅಪರೂಪದವುಗಳ ತೂಕ

ಆ ಒಂದು ಎಲ್ಲಿಂದ ಬಂತು ಅನ್ನುವುದು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಕ್ರಿಸ್ಟೋಫರ್ ಜಾರ್ಜಿನ್ಸ್ಕಿ 1997ರಲ್ಲಿ ತೋರಿಸಿದ ಸಮೀಕರಣ ಅದು. ವ್ಯವಸ್ಥೆಯನ್ನು ಸಮತೋಲನದಿಂದ ಶುರು ಮಾಡಿ. ಆಮೇಲೆ ಎಷ್ಟು ಬೇಗ ಬೇಕಾದರೂ, ಎಷ್ಟು ಒರಟಾಗಿ ಬೇಕಾದರೂ ಎಳೆದಾಡಿ. ನಡುವೆ ಅದು ಸಮತೋಲನದಿಂದ ಎಷ್ಟು ದೂರ ಹೋದರೂ ಚಿಂತೆಯಿಲ್ಲ. ಕೆಲಸವನ್ನು ಹೀಗೆ ಎಕ್ಸ್‌ಪೊನೆನ್ಶಿಯಲ್ ತೂಕ ಹಾಕಿ ಸರಾಸರಿ ಮಾಡಿದರೆ ಸಿಗುವುದು ಮೈನಸ್ ಫ್ರೀ ಎನರ್ಜಿ ವ್ಯತ್ಯಾಸದ ಎಕ್ಸ್‌ಪೊನೆನ್ಶಿಯಲ್ ಮಾತ್ರ. ನನ್ನ ಲೆಕ್ಕದಲ್ಲಿ ಆ ವ್ಯತ್ಯಾಸ ಸೊನ್ನೆ, ಹಾಗಾಗಿ ಉತ್ತರ ಒಂದು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಸಮಾನ ಚಿಹ್ನೆ. ಎರಡನೇ ನಿಯಮವನ್ನು ನಾವು ಯಾವಾಗಲೂ "ಇದಕ್ಕಿಂತ ಕಡಿಮೆ ಇರಲಾರದು" ಅಂತಲೇ ಕಲಿತದ್ದು. ಇಲ್ಲಿ "ಇಷ್ಟೇ" ಅಂತ ಇದೆ. ಆ ಇಷ್ಟೇ ಅನ್ನುವುದರಿಂದಲೇ, ಸಾಮಾನ್ಯ ಸರಾಸರಿ ಮಾಡಿದಾಗ, ಹಳೆಯ ನಿಯಮ ತಾನಾಗಿ ಹೊರಗೆ ಬರುತ್ತದೆ. ನನ್ನ ಫೈಲ್‌ನಲ್ಲಿ ಸರಾಸರಿ ಕೆಲಸ 0.23. ಸೊನ್ನೆಗಿಂತ ಜಾಸ್ತಿ. ನಿಯಮ ಎಲ್ಲೂ ಮುರಿದಿಲ್ಲ. ಮುರಿದಿದ್ದು ಅದು ಒಂದೊಂದು ರನ್‌ಗೂ ಅನ್ವಯಿಸುತ್ತದೆ ಅನ್ನುವ ನನ್ನ ನಂಬಿಕೆ. ಸಾಲುಗಳನ್ನು ಅಳಿಸಿದ ಮೇಲೆ ಸರಾಸರಿ 0.42 ಆಗಿತ್ತು. ಅಂದರೆ ನಿಯಮವನ್ನು ಕಾಪಾಡಲು ಹೋಗಿ ನಾನು ಪೋಲಾದ ಶಕ್ತಿಯನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿ ತೋರಿಸಿದ್ದೆ.

ಇನ್ನೊಂದು ಸಂಗತಿ ಆ ಹಾಳೆಯಲ್ಲೇ ಇತ್ತು, ನನಗೆ ಆಮೇಲೆ ಕಂಡಿತು. 3,641ನ್ನು 1,362ರಿಂದ ಭಾಗಿಸಿದರೆ 2.67. ರನ್‌ಗಳನ್ನು ಹೆಚ್ಚಿಸುತ್ತಾ ಹೋದರೆ ಅದು 2.718ರ ಹತ್ತಿರ ಬಂದು ನಿಲ್ಲುತ್ತದೆ. ಗ್ಯಾವಿನ್ ಕ್ರೂಕ್ಸ್ 1999ರಲ್ಲಿ ಬರೆದ ಸಂಬಂಧ ಇದರ ಹಿಂದಿದೆ. ಮುಂದಕ್ಕೆ ಮಾಡಿದಾಗ ಒಂದಿಷ್ಟು ಕೆಲಸ ಬೇಕಾಗುವ ಸಂಭವಕ್ಕೂ, ಅದೇ ಆಟವನ್ನು ಹಿಂದಕ್ಕೆ ಆಡಿದಾಗ ಅಷ್ಟೇ ಕೆಲಸ ವಾಪಸ್ ಸಿಗುವ ಸಂಭವಕ್ಕೂ ಒಂದು ಖಚಿತ ಅನುಪಾತ ಇದೆ. ನನ್ನ ಸ್ಪಿನ್‌ನಲ್ಲಿ ಮುಂದಕ್ಕೂ ಹಿಂದಕ್ಕೂ ಲೆಕ್ಕ ಒಂದೇ. ಹಾಗಾಗಿ +1 ಮತ್ತು −1ರ ಕಂಬಗಳಲ್ಲೇ ಅದು ಕಂಡುಬಿಡುತ್ತದೆ. ಆ ಮೈನಸ್ ಸಾಲುಗಳು ಎಷ್ಟಿರಬೇಕು ಅಂತ ಪ್ಲಸ್ ಸಾಲುಗಳೇ ಹೇಳುತ್ತಿದ್ದವು. ನಾನು ಕೇಳಿಸಿಕೊಂಡಿರಲಿಲ್ಲ.

ಹಾಗಾದರೆ ದೊಡ್ಡ ವಸ್ತುಗಳಲ್ಲಿ ಇದು ಯಾಕೆ ಕಾಣುವುದಿಲ್ಲ? ಒಂದು ಸ್ಪಿನ್ ಬದಲು ಇಂಥ ನೂರು ಸ್ಪಿನ್‌ಗಳನ್ನು ಒಟ್ಟಿಗೆ ತಗೊಳ್ಳಿ. ಸರಾಸರಿ ಕೆಲಸ 23. ಒಟ್ಟು ಕೆಲಸ ಸೊನ್ನೆಗಿಂತ ಕೆಳಗೆ ಹೋಗುವುದು ಹತ್ತು ಸಾವಿರ ರನ್‌ಗಳಲ್ಲಿ ಬೆರಳೆಣಿಕೆಯಷ್ಟು ಸಲ. ಸಾವಿರ ಸ್ಪಿನ್ ತಗೊಂಡರೆ ಜೀವಮಾನವಿಡೀ ಕೂತರೂ ಒಂದೂ ಕಾಣುವುದಿಲ್ಲ. ಆದರೂ ಸಮೀಕರಣಕ್ಕೆ ಅವು ಬೇಕೇ ಬೇಕು. ಕಾಣದ ರನ್‌ಗಳು ಸರಾಸರಿಯ ದೊಡ್ಡ ಪಾಲನ್ನು ಹೊತ್ತುಕೊಂಡು ಕೂತಿರುತ್ತವೆ. ಪ್ರಯೋಗದಲ್ಲಿ ಇದನ್ನು ಪರೀಕ್ಷಿಸುವವರ ನಿಜವಾದ ಕಷ್ಟ ಇದೇ. 2002ರಲ್ಲಿ ಅಮೆರಿಕದ ಬರ್ಕ್ಲಿಯ ತಂಡ ಒಂದೇ ಒಂದು ಆರ್‌ಎನ್‌ಎ ಅಣುವನ್ನು ಲೇಸರ್‌ನಿಂದ ಹಿಡಿದು ಮತ್ತೆ ಮತ್ತೆ ಎಳೆದು ಬಿಚ್ಚಿ ಈ ಸಮೀಕರಣವನ್ನು ಪರೀಕ್ಷಿಸಿತು. ಎಳೆಯಬೇಕಾದ ಅಣು ಚಿಕ್ಕದಿದ್ದದ್ದರಿಂದಲೇ ಅದು ಸಾಧ್ಯವಾಯಿತು.

ಫ್ರಿಜ್ ಹತ್ತು, ಕ್ಯೂಬಿಟ್ ಐವತ್ತು

"ಸಮತೋಲನದಿಂದ ಶುರು ಮಾಡಿ" ಅಂತ ಮೇಲೆ ಸಲೀಸಾಗಿ ಬರೆದೆ. ಅದು ಎಷ್ಟು ದೊಡ್ಡ ಷರತ್ತು ಅಂತ ಗೊತ್ತಾಗಿದ್ದು ಗೆಳೆಯನೊಬ್ಬನ ಲ್ಯಾಬ್‌ನಲ್ಲಿ. ಅವನು ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳ ಮೇಲೆ, ಅಂದರೆ ಕ್ವಾಂಟಂ ಕಂಪ್ಯೂಟರ್‌ಗೆ ಬಿಟ್ ಆಗುವ ಪುಟ್ಟ ಸರ್ಕ್ಯೂಟ್‌ಗಳ ಮೇಲೆ ಕೆಲಸ ಮಾಡುತ್ತಾನೆ. ಅವನ್ನು ತಣ್ಣಗಿಡುವ ಫ್ರಿಜ್‌ನಲ್ಲಿ ಒಂದರ ಕೆಳಗೊಂದು ತೂಗುವ ತಟ್ಟೆಗಳು, ಒಂದಕ್ಕಿಂತ ಒಂದು ತಣ್ಣಗೆ. ಪಂಪ್ ಒಂದೇ ಲಯದಲ್ಲಿ ಮಿಡಿಯುತ್ತಿತ್ತು. ಮಾತಾಡಬೇಕಾದರೆ ದನಿ ಸ್ವಲ್ಪ ಎತ್ತಬೇಕು. ಪರದೆಯ ಮೇಲೆ 10 ಮಿಲಿಕೆಲ್ವಿನ್ ಅಂತ ತೋರಿಸುತ್ತಿತ್ತು, ಅಂದರೆ ಪರಮ ಶೂನ್ಯ ತಾಪಮಾನಕ್ಕಿಂತ ಒಂದು ಡಿಗ್ರಿಯ ನೂರನೇ ಒಂದು ಪಾಲು ಮಾತ್ರ ಮೇಲೆ.

"ಹಾಗಾದ್ರೆ ಕ್ಯೂಬಿಟ್ ಕೂಡ ಹತ್ತೇ ಅಲ್ವಾ?" ಅಂತ ಕೇಳಿದೆ.

"ಫ್ರಿಜ್ ಹತ್ತು. ಕ್ಯೂಬಿಟ್ ಐವತ್ತು," ಅಂದ.

ಅದು ಹೇಗೆ ಗೊತ್ತು? ಅಷ್ಟು ಸಣ್ಣದಕ್ಕೆ ಥರ್ಮಾಮೀಟರ್ ಹಚ್ಚಲು ಆಗುವುದಿಲ್ಲ. ಕ್ಯೂಬಿಟ್‌ನ ಎರಡು ಮಟ್ಟಗಳ ಅಂತರ 5 ಗಿಗಾಹರ್ಟ್ಸ್ ಅಂತಿಟ್ಟುಕೊಳ್ಳಿ. ತಾಪಮಾನದ ಲೆಕ್ಕಕ್ಕೆ ತಂದರೆ ಅದು 240 ಮಿಲಿಕೆಲ್ವಿನ್. ಕ್ಯೂಬಿಟ್ ನಿಜವಾಗಿ 10 ಮಿಲಿಕೆಲ್ವಿನ್‌ನಲ್ಲಿದ್ದರೆ, ಅದು ಮೇಲಿನ ಮಟ್ಟದಲ್ಲಿ ಕಾಣುವುದು ಸುಮಾರು 2,600 ಕೋಟಿ ಸಲ ನೋಡಿದಾಗ ಒಂದು ಸಲ. ಆದರೆ ಅವನಿಗೆ ಕಾಣುತ್ತಿದ್ದದ್ದು ಸಾವಿರಕ್ಕೆ ಎಂಟು ಸಲ. ಆ ಅನುಪಾತವನ್ನು ತಿರುಗಿಸಿ ಲೆಕ್ಕ ಹಾಕಿದರೆ 50 ಮಿಲಿಕೆಲ್ವಿನ್ ಬರುತ್ತದೆ. ಮೇಲಿನ ಬಿಸಿ ತಟ್ಟೆಗಳಿಂದ ತಂತಿಗಳ ಮೂಲಕ ಇಳಿದು ಬರುವ ಫೋಟಾನ್‌ಗಳು ಒಂದು ಕಾರಣ. ಚಿಪ್‌ನಲ್ಲಿ ಒಡೆದುಹೋದ ಕೂಪರ್ ಜೋಡಿಗಳು, ಅಂದರೆ ಸೂಪರ್‌ಕಂಡಕ್ಟರ್‌ನಲ್ಲಿ ಜೊತೆಯಾಗಿ ಓಡಾಡುವ ಎಲೆಕ್ಟ್ರಾನ್ ಜೋಡಿಗಳು, ಇನ್ನೊಂದು. ಕ್ಯೂಬಿಟ್ ತಣ್ಣನೆಯ ತಟ್ಟೆಯ ಮೇಲೆ ಕೂತಿದೆ ನಿಜ. ಆದರೆ ಅದು ಬರೀ ಆ ತಟ್ಟೆಯ ಜೊತೆ ಮಾತಾಡುತ್ತಿಲ್ಲ.

ಸ್ಥಿರವಾಗಿರುವುದು ಬೇರೆ, ಸಮತೋಲನದಲ್ಲಿರುವುದು ಬೇರೆ. ಮೇಲಿಂದ ನೀರು ಸುರಿಯುತ್ತಾ ಇದ್ದು ತಳದ ತೂತಿನಿಂದ ಅಷ್ಟೇ ಸೋರುತ್ತಾ ಇದ್ದರೆ ಪಾತ್ರೆಯ ನೀರಿನ ಮಟ್ಟ ಕದಲುವುದಿಲ್ಲ. ಆದರೆ ಅದನ್ನು ನಿಂತ ನೀರು ಅನ್ನುವುದಿಲ್ಲ. ಆ 50 ಅನ್ನುವ ಸಂಖ್ಯೆಯೂ ಹಾಗೆ. ಒಂದು ಕಡೆಯಿಂದ ಶಕ್ತಿ ಬರುತ್ತಿದೆ, ಇನ್ನೊಂದು ಕಡೆ ಹೋಗುತ್ತಿದೆ, ನಡುವೆ ನಿಂತ ಮಟ್ಟ ಅದು. ಇನ್ನೂ ಒಂದು ಮಾತು. ಬರೀ ಎರಡು ಮಟ್ಟಗಳಿದ್ದರೆ ಯಾವ ಅನುಪಾತ ಬಂದರೂ ಅದಕ್ಕೆ ಒಂದು ತಾಪಮಾನ ಹೊಂದಿಸಬಹುದು. ಮೇಲಿನ ಮಟ್ಟದಲ್ಲಿ ಜಾಸ್ತಿ ಸಲ ಕಂಡರೆ ಮೈನಸ್ ತಾಪಮಾನ ಅಂತ ಬರೆದುಬಿಡಬಹುದು. ಮೂರನೇ ಮಟ್ಟ ಬಂದ ತಕ್ಷಣ ಆ ಸೌಕರ್ಯ ಹೋಗುತ್ತದೆ. ಮೊದಲೆರಡರಿಂದ ಒಂದು ತಾಪಮಾನ, ಮೇಲಿನ ಎರಡರಿಂದ ಇನ್ನೊಂದು ಬರಬಹುದು. ಆಗ ತಾಪಮಾನ ಎಷ್ಟು ಅಂತ ಕೇಳುವುದಕ್ಕೇ ಅರ್ಥವಿರುವುದಿಲ್ಲ. ಎರಡು ಮಟ್ಟಗಳ ಸ್ಪಿನ್ ಮೇಲೆ ಕಲಿತ ನನಗೆ ತಾಪಮಾನ ಸುಲಭವಾಗಿ ಸಿಕ್ಕಿತ್ತು. ಅದಕ್ಕೇ ನಾನು ಅದನ್ನು ಯಾವತ್ತೂ ಪ್ರಶ್ನಿಸಿರಲಿಲ್ಲ.

ನೋಡಿದ್ದು ಯಾವಾಗ?

ಈಗ ನನ್ನನ್ನು ನಿಜವಾಗಿ ಕಾಡುವ ಜಾಗಕ್ಕೆ ಬರುತ್ತೇನೆ. ಫೈಲ್‌ನ ಒಂದೊಂದು ಸಾಲಿನಲ್ಲೂ ಕೆಲಸ ಅಂತ ಒಂದು ಸಂಖ್ಯೆ ಇತ್ತು. ಆ ಸಂಖ್ಯೆ ಸ್ಪಿನ್‌ನೊಳಗೆ ಎಲ್ಲೂ ಇರಲಿಲ್ಲ. ಶಕ್ತಿಯನ್ನು ಒಂದು ಕ್ಷಣದಲ್ಲಿ ಅಳೆಯಬಹುದು, ಕ್ವಾಂಟಂ ಮೆಕ್ಯಾನಿಕ್ಸ್‌ನಲ್ಲಿ ಅದಕ್ಕೊಂದು ಆಪರೇಟರ್ ಇದೆ, ಅಂದರೆ ಆ ಅಳತೆಯನ್ನು ಪ್ರತಿನಿಧಿಸುವ ಗಣಿತದ ರೂಪ. ಕೆಲಸ ಯಾವ ಒಂದು ಕ್ಷಣಕ್ಕೂ ಸೇರಿದ್ದಲ್ಲ. ಎರಡು ಕ್ಷಣಗಳ ನಡುವೆ ನಡೆದ ಸಂಗತಿ ಅದು. ಪೀಟರ್ ಟಾಕ್ನರ್, ಎರಿಕ್ ಲುಟ್ಸ್, ಪೀಟರ್ ಹಾಂಗಿ ಈ ಮೂವರು 2007ರಲ್ಲಿ ಇದನ್ನೇ ಖಡಾಖಂಡಿತವಾಗಿ ಹೇಳಿದರು. ಕೆಲಸಕ್ಕೆ ಆಪರೇಟರ್ ಇಲ್ಲ. ಎರಡು ಸಲ ನೋಡಬೇಕು, ಕಳೆಯಬೇಕು, ಅಷ್ಟೇ. 

ಆದರೆ ಸಣ್ಣ ಲೋಕದಲ್ಲಿ ನೋಡುವುದೂ ಒಂದು ಮುಟ್ಟುವಿಕೆ. ಅದೇ ಸ್ಪಿನ್ ತಗೊಳ್ಳಿ. ಈ ಸಲ ಉಷ್ಣದ ಸ್ಥಿತಿಯಿಂದ ಶುರು ಮಾಡಬೇಡಿ. ಮೇಲಿನ ಮತ್ತು ಕೆಳಗಿನ ಮಟ್ಟಗಳ ಸೂಪರ್‌ಪೊಸಿಷನ್‌ನಿಂದ, ಅಂದರೆ ಎರಡೂ ಒಟ್ಟಿಗೆ ಬೆರೆತ ಕ್ವಾಂಟಂ ಸ್ಥಿತಿಯಿಂದ ಶುರು ಮಾಡಿ, ಸ್ಪಿನ್ ಪಕ್ಕಕ್ಕೆ ಮುಖ ಮಾಡಿ ನಿಂತಿರುವಂತೆ. ಕ್ಷೇತ್ರ ನೆಟ್ಟಗಿರುವಾಗ ಅದರ ಸರಾಸರಿ ಶಕ್ತಿ ಸೊನ್ನೆ. ಥಟ್ಟನೆ ಕ್ಷೇತ್ರವನ್ನು ಸ್ಪಿನ್ ಇರುವ ದಿಕ್ಕಿಗೇ ತಿರುಗಿಸಿ, ಅದು ಹೊಸ ಕ್ಷೇತ್ರದ ಕೆಳಗಿನ ಮಟ್ಟಕ್ಕೆ ಸರಿಯಾಗಿ ಕೂರುವಂತೆ. ಈಗ ಅದರ ಶಕ್ತಿ ಖಚಿತವಾಗಿ −0.5. ಅಂದರೆ ಕ್ಷೇತ್ರ ತಿರುಗಿಸಿದ ನಮಗೆ ಸರಾಸರಿ ಅರ್ಧ ಘಟಕ ಕೆಲಸ ಸಿಕ್ಕಿತು.

ಇದನ್ನೇ ಎರಡು ಸಲ ನೋಡುವ ಕ್ರಮದಲ್ಲಿ ಮಾಡಿ. ಮೊದಲ ಸಲ ನೋಡಿದಾಗ ಅರ್ಧ ಸಲ ಮೇಲೆ, ಅರ್ಧ ಸಲ ಕೆಳಗೆ. ಸರಾಸರಿ ಇನ್ನೂ ಸೊನ್ನೆಯೇ, ಶಕ್ತಿಯಲ್ಲಿ ಮೋಸ ಏನೂ ಆಗಿಲ್ಲ. ಆದರೆ ನೋಡಿದ ಕೂಡಲೇ ಸ್ಪಿನ್ ಪಕ್ಕಕ್ಕೆ ಮುಖ ಮಾಡಿದ್ದು ಮರೆತುಹೋಯಿತು. ಈಗ ಕ್ಷೇತ್ರ ತಿರುಗಿಸಿದರೆ ಮತ್ತೆ ಅರ್ಧಕ್ಕರ್ಧ. ಸರಾಸರಿ ಕೆಲಸ ಸೊನ್ನೆ. ನೋಡದಿದ್ದರೆ ಅರ್ಧ ಸಿಗುತ್ತಿತ್ತು. ಎಷ್ಟು ಸಿಕ್ಕಿತು ಅಂತ ತಿಳಿಯಲು ಹೋದದ್ದಕ್ಕೇ ಅದು ಸಿಗಲಿಲ್ಲ.

ಬೇರೆ ಜಾಣ ವಿಧಾನ ಇರಬಹುದಲ್ವಾ ಅಂತ ನಾನೂ ಬಹಳ ದಿನ ಹುಡುಕಿದ್ದೆ. ಸೂಪರ್‌ಪೊಸಿಷನ್ ಇಲ್ಲದಾಗ ಎರಡು ಸಲ ನೋಡುವ ಕ್ರಮದ ಉತ್ತರವನ್ನೇ ಕೊಡಬೇಕು. ಇದ್ದಾಗ ಸರಾಸರಿ ಕೆಲಸ ನಿಜವಾದ ಶಕ್ತಿಯ ಬದಲಾವಣೆಗೆ ಸಮ ಇರಬೇಕು. ಇವೆರಡನ್ನೂ ಎಲ್ಲಾ ಸ್ಥಿತಿಗಳಿಗೂ ಈಡೇರಿಸುವ ಅಳತೆಯ ವಿಧಾನವೇ ಇಲ್ಲ ಅಂತ 2017ರಲ್ಲಿ ಸಾಧಿಸಿ ತೋರಿಸಿದರು. ಇದು ನಮ್ಮ ಉಪಕರಣದ ಕೊರತೆಯಲ್ಲ. ಒಂದನ್ನು ಇಟ್ಟುಕೊಂಡರೆ ಇನ್ನೊಂದನ್ನು ಬಿಡಲೇಬೇಕು. ಆ ಪ್ರಬಂಧ ಓದಿದ ದಿನ ನನಗೆ ಬೇಸರ ಆಗಲಿಲ್ಲ. ಒಂಥರಾ ಸಮಾಧಾನ ಆಯಿತು. ನನಗೆ ಸಿಗದೇ ಇದ್ದದ್ದು ಇರಲೇ ಇಲ್ಲ.

ಹಾಗಂತ ಪ್ರಯೋಗ ಮಾಡುವವರು ಕೈಕಟ್ಟಿ ಕೂರಲಿಲ್ಲ. 2014ರಲ್ಲಿ ಬ್ರೆಜಿಲ್‌ನ ಪ್ರಯೋಗವೊಂದರಲ್ಲಿ ಕ್ಲೋರೋಫಾರ್ಮ್ ಅಣುವಿನ ಕಾರ್ಬನ್ ನ್ಯೂಕ್ಲಿಯಸ್ಸೇ ವ್ಯವಸ್ಥೆ, ಪಕ್ಕದ ಹೈಡ್ರೋಜನ್ ನ್ಯೂಕ್ಲಿಯಸ್ ಸಾಕ್ಷಿ. ಕಾರ್ಬನ್ನನ್ನು ನೇರವಾಗಿ ಎರಡು ಸಲ ನೋಡುವ ಬದಲು, ಸಾಕ್ಷಿಯನ್ನು ಅದಕ್ಕೆ ಹೆಣೆದು, ಕೊನೆಯಲ್ಲಿ ಸಾಕ್ಷಿಯನ್ನು ಮಾತ್ರ ಓದಿದರು. ಕೆಲಸದ ಹಂಚಿಕೆ ಅದರಿಂದಲೇ ಹೊರಬಂತು. ಮರುವರ್ಷ ಬೀಜಿಂಗ್‌ನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಒಂದೇ ಒಂದು ಯಿಟರ್ಬಿಯಂ ಅಯಾನನ್ನು ಹಿಡಿದಿಟ್ಟು, ಅದರ ಕಂಪನದ ಮಟ್ಟಗಳನ್ನು ನಿಜಕ್ಕೂ ಎರಡು ಸಲ ನೋಡಿ, ಜಾರ್ಜಿನ್ಸ್ಕಿ ಸಮೀಕರಣ ನಿಲ್ಲುತ್ತದೆ ಅಂತ ತೋರಿಸಿದರು. ಎರಡರಲ್ಲೂ ಶುರು ಉಷ್ಣದ ಸ್ಥಿತಿಯಿಂದ. ಸೂಪರ್‌ಪೊಸಿಷನ್ ಇಲ್ಲದ ಕಡೆಯಿಂದ. ನನ್ನ ಫೈಲ್ ಕೂಡ ಅಲ್ಲಿಂದಲೇ ಶುರುವಾಗಿತ್ತು. ಅದಕ್ಕೇ ಮೊದಲ ನೋಟದಿಂದ ಅದಕ್ಕೆ ಪೆಟ್ಟಾಗಿರಲಿಲ್ಲ.

ಅದೇ ಕ್ಲೋರೋಫಾರ್ಮ್ ಮತ್ತೆ 2019ರಲ್ಲಿ ಬರುತ್ತದೆ. ಈ ಸಲ ಕಾರ್ಬನ್ ಮತ್ತು ಹೈಡ್ರೋಜನ್ ನ್ಯೂಕ್ಲಿಯಸ್‌ಗಳ ತಾಪಮಾನ ಬೇರೆ ಬೇರೆ. ಸುಮ್ನೆ ಸೇರಿಸಿದರೆ ಬಿಸಿಯದರಿಂದ ತಣ್ಣನೆಯದಕ್ಕೆ ಉಷ್ಣ ಹರಿಯಿತು. ಎಲ್ಲರೂ ಬಲ್ಲದ್ದೇ. ಆದರೆ ಶುರುವಿನಲ್ಲೇ ಎರಡರ ನಡುವೆ ಕ್ವಾಂಟಂ ನಂಟು ಕಟ್ಟಿಟ್ಟಾಗ ಉಷ್ಣ ತಣ್ಣನೆಯದರಿಂದ ಬಿಸಿಯದಕ್ಕೆ ಹರಿಯಿತು. ಹರಿಯುತ್ತಾ ಹೋದಂತೆ ಆ ನಂಟು ಕರಗುತ್ತಾ ಬಂತು. ಎರಡನ್ನು ಬೇರೆ ಬೇರೆಯಾಗಿ ನೋಡಿದವರಿಗೆ ನಿಯಮ ತಲೆಕೆಳಗಾದಂತೆ ಕಾಣುತ್ತದೆ. ನಂಟನ್ನೂ ಲೆಕ್ಕಕ್ಕೆ ಹಿಡಿದರೆ ಎಲ್ಲ ಸರಿಯಾಗುತ್ತದೆ. ನನ್ನ 1,362 ಸಾಲುಗಳು ನೆನಪಾದವು. ಲೆಕ್ಕದ ಹೊರಗೆ ಏನನ್ನು ಇಟ್ಟಿದ್ದೇವೆ ಅನ್ನುವುದರ ಮೇಲೆ ಎಷ್ಟೊಂದು ನಿಂತಿದೆ.

ನೋಡುವವನ ಲೆಕ್ಕ

ಹೊರಗೆ ಉಳಿಯುವವರಲ್ಲಿ ನೋಡುವವನೂ ಒಬ್ಬ. ಎರಡು ಸಲ ನೋಡಿದೆ, ಬರೆದುಕೊಂಡೆ ಅಂದೆನಲ್ಲ. ಬರೆದದ್ದು ಎಲ್ಲೋ ಇರಬೇಕು. ಮುಂದಿನ ರನ್‌ಗೆ ಆ ಜಾಗವನ್ನು ಖಾಲಿ ಮಾಡಬೇಕು. ಹಾಗೆ ಒಂದು ಬಿಟ್ ಅಳಿಸಲು ಕನಿಷ್ಠ ಇಷ್ಟು ಉಷ್ಣ ಹೊರಬಿಡಲೇಬೇಕು ಅಂತ ರಾಲ್ಫ್ ಲ್ಯಾಂಡಾವರ್ 1961ರಲ್ಲೇ ಹೇಳಿದ್ದರು. ಕೋಣೆಯ ತಾಪಮಾನದಲ್ಲಿ ಅದು ಸುಮಾರು 2.9 × 10⁻²¹ ಜೌಲ್. 2012ರಲ್ಲಿ ಫ್ರಾನ್ಸ್‌ನ ಲಿಯಾನ್‌ನಲ್ಲಿ, ಲೇಸರ್ ಬೆಳಕಿನಲ್ಲಿ ಸಿಕ್ಕಿಸಿದ ಒಂದು ಪುಟ್ಟ ಮಣಿಯನ್ನೇ ಮೆಮೊರಿ ಮಾಡಿಕೊಂಡು ಇದನ್ನು ಅಳೆದರು. ದೊಡ್ಡ ಯಂತ್ರಕ್ಕೆ ಅದು ಲೆಕ್ಕಕ್ಕೇ ಬಾರದ ಮೊತ್ತ. ಒಂದೇ ಸ್ಪಿನ್‌ನ ಲೆಕ್ಕದಲ್ಲಿ ಹಾಗಲ್ಲ. ನನ್ನ ಅಂಕಿಗಳಲ್ಲಿ ಹೇಳುವುದಾದರೆ ಒಂದು ಬಿಟ್ ಅಳಿಸಲು 0.69 ಘಟಕ ಬೇಕು. ಸ್ಪಿನ್ ಮೇಲೆ ನಾನು ಮಾಡಿದ ಸರಾಸರಿ ಕೆಲಸ 0.23. ನೋಡಿದ್ದನ್ನು ಮರೆಯಲು ಆಗುವ ಖರ್ಚು, ನೋಡಿದ ಸಂಗತಿಗಿಂತ ದೊಡ್ಡದು.

ಕಳೆದ ವಾರ ಆ ಸೂಪರ್‌ಪೊಸಿಷನ್ ಲೆಕ್ಕವನ್ನು ಮತ್ತೆ ಓಡಿಸಿದೆ. ಎರಡು ಸಲ ನೋಡುವ ಕ್ರಮದಲ್ಲಿ ಒಮ್ಮೆ, ನಡುವೆ ನೋಡದೆ ಇನ್ನೊಮ್ಮೆ. ಈಗ ಎರಡು ಫೈಲ್‌ಗಳಿವೆ. ಒಂದರಲ್ಲಿ ಹತ್ತು ಸಾವಿರ ಸಾಲುಗಳು. +1, 0, −1 ಎಲ್ಲವೂ ಇವೆ, ಒಂದನ್ನೂ ಮುಟ್ಟಿಲ್ಲ, ಸರಾಸರಿ ಸೊನ್ನೆಯ ಆಸುಪಾಸು. ಇನ್ನೊಂದರಲ್ಲಿ ಇರುವುದು ಒಂದೇ ಸಂಖ್ಯೆ, −0.5. ಅದರಲ್ಲಿ ಸಾಲುಗಳೇ ಇಲ್ಲ.